ಲೇಡೀಸ್ ರೂಮಿನ ಅಕ್ಕ

ಮಾತನಾಡಲು ಎದ್ದು ನಿಂತಾಗ ಅವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಅದರ ತುದಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವುದು. ಮೊಣಕಾಲು ಮುಟ್ಟುವ ಜಡೆ. ಹಾಗೇ ಬಿಟ್ಟರೆ ಮಾತಿನ ಭರದಲ್ಲಿ ಬೀಸಿ ಪಕ್ಕದವರಿಗೆ ಬಡಿಯುತ್ತಿತ್ತು. ಸಿಕ್ಕಿಸಿಕೊಂಡರು ಎಂದರೆ ಇನ್ನು ಅವರು ಸುಮ್ಮನೆ ಕೂರುವವರಲ್ಲ ಎಂದು ನಮಗೆ ತಿಳಿದುಹೋಗುತ್ತಿತ್ತು. ಎತ್ತರದವರಲ್ಲ. ಮುಖದ ಮೇಲೆ ಸಿಡುಬಿನ ಎರಡು ಮೂರು ಕಲೆಗಳಿದ್ದವು. ಎಡ ಹುಬ್ಬಿನ ಮೇಲಿನ ಕಲೆಯನ್ನು ಯೋಚನೆ ಮಾಡುವಾಗ ಉಗುರಿನಿಂದ ಸವರುತ್ತಿದ್ದರು. ದನಿ ಮಾತ್ರ ದೊಡ್ಡದು. ಆ ದನಿಯನ್ನು ತಗ್ಗಿಸು ಎಂದು ಮನೆಯಲ್ಲಿ ದಿನಾ ಹೇಳುತ್ತಾರೆಂದು ಅವರೇ ನಮಗೆ ಹೇಳಿ ನಗುತ್ತಿದ್ದರು.

ನಾವೆಲ್ಲ ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆವು. ಹೆಸರು ಬರೆಯಲು ನನಗೆ ಮನಸ್ಸಿಲ್ಲ. ಆ ಹೆಸರನ್ನು ಒಂದು ಸಲ ಗೋಡೆಯ ಮೇಲೆ ಬರೆದವರಿದ್ದರು. ಆಗಿನಿಂದ ಅದನ್ನು ಎಲ್ಲಾದರೂ ಬರೆಯಬೇಕೆಂದರೆ ನನ್ನ ಕೈ ಹಿಂಜರಿಯುತ್ತದೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ನಮ್ಮ ಮನೆ ಊರಾಚೆಯ ಕೆಸರೆಯಲ್ಲಿ. ಅಪ್ಪ ಸೊಪ್ಪು ತರಕಾರಿ ಬೆಳೆಯುತ್ತಿದ್ದ. ಅಣ್ಣ ಮಂಡಿ ಮೊಹಲ್ಲಾದಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ. ನಮ್ಮ ವಂಶದಲ್ಲಿ ಹೈಸ್ಕೂಲು ದಾಟಿದ ಮೊದಲ ಹೆಣ್ಣು ನಾನು. ಬಿ.ಎ.ಗೆ ಸೇರುತ್ತೇನೆಂದಾಗ ಬೇಡವೆಂದ ಅಪ್ಪನೊಂದಿಗೆ ಜಗಳವಾಡಿ ನನ್ನನ್ನು ಸೇರಿಸಿದವನು ಅಣ್ಣನೇ. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ಬರುವುದನ್ನು ಓದಿದವರು ಅವನನ್ನು ತಪ್ಪು ತಿಳಿದಾರು.

ಕಾಲೇಜಿನಲ್ಲಿ ಹುಡುಗರು ನೂರಾರು ಮಂದಿ, ಹುಡುಗಿಯರು ಮೂವತ್ತೋ ಮೂವತ್ತೈದೋ. ಮೆಟ್ಟಿಲ ಪಕ್ಕದ ಒಂದು ಕೋಣೆಯನ್ನು ನಮಗೆಂದು ಬಿಟ್ಟುಕೊಟ್ಟಿದ್ದರು. ಅದೇ ಲೇಡೀಸ್ ರೂಮು. ಗಂಟೆ ಹೊಡೆದ ಮೇಲೆ ನಾವು ಅದರ ಬಾಗಿಲಲ್ಲಿ ಸಾಲಾಗಿ ನಿಲ್ಲಬೇಕು. ಮೇಷ್ಟ್ರು ಬಂದಾಗ ಅವರ ಹಿಂದೆ ಕ್ಲಾಸಿಗೆ ಹೋಗಬೇಕು, ಪಾಠ ಮುಗಿದರೆ ಅವರ ಹಿಂದೆಯೇ ಹೊರಗೆ ಬರಬೇಕು. ಮಿಕ್ಕ ಹೊತ್ತೆಲ್ಲ ಆ ಕೋಣೆಯಲ್ಲೇ.

ಜೂನ್ ತಿಂಗಳ ಕೊನೆಯಲ್ಲಿ, ಕಾಲೇಜು ತೆರೆದ ಮೊದಲ ದಿನ, ನಾನು ಆ ಕೋಣೆಯ ಹೊಸಿಲ ಹತ್ತಿರ ನಿಂತೇ ಇದ್ದೆ. ಒಳಗಿದ್ದವರು ಇಂಗ್ಲಿಷಿನಲ್ಲಿ ಮಾತನಾಡಿಕೊಳ್ಳುತ್ತಿದ್ದರು. ನನ್ನ ಸೀರೆಯ ಅಂಚು ಕೆಸರಾಗಿತ್ತು.

"ಯಾಕೆ ಅಲ್ಲೇ ನಿಂತ್ಕೊಂಡೆ? ಒಳಗೆ ಬಾ. ಎಲ್ಲಿಂದ ಬರ್ತೀಯ?" ಎಂದು ಅಕ್ಕ ಕೇಳಿದರು. ಅವರು ಆಗ ಕೊನೆಯ ವರ್ಷದಲ್ಲಿದ್ದರು. ಕೆಸರೆ ಎಂದೆ. ಈ ಮಳೆಯಲ್ಲಿ ಅಷ್ಟು ದೂರ ಹೇಗೆ ಬಂದೆ ಎಂದರು. "ಎಂಗೋ ಬಂದೆ" ಎಂದುಬಿಟ್ಟೆ. ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಕ್ಕ ಆ ಕಡೆ ಒಮ್ಮೆ ನೋಡಿದರು, ನಗು ನಿಂತಿತು. ಕೆಲವು ದಿನ ಕಳೆದ ಮೇಲೆ ನನ್ನ ಮಾತನ್ನು ತಿದ್ದಿಕೊಡಿ ಎಂದು ನಾನೇ ಅವರನ್ನು ಕೇಳಿದೆ. ನಿನ್ನ ಮಾತು ನನಗೆ ಅರ್ಥವಾಗುತ್ತೆ, ಅದನ್ನು ಯಾಕೆ ತಿದ್ದಬೇಕು ಎಂದರು. ನಾನು ಹಟ ಹಿಡಿದೆ. ಹಾಗಾದರೆ ದಿನಕ್ಕೊಂದು ಪುಟ ಗಟ್ಟಿಯಾಗಿ ಓದು, ನಾನು ಕೇಳ್ತೀನಿ ಎಂದು ಒಪ್ಪಿಕೊಂಡರು. ನನ್ನ ನಾಲಿಗೆಗೆ ಹಕಾರ ಬಂದು ಕೂತಿದ್ದು ಹಾಗೆ.

ಅವರ ಮನೆ ಲಕ್ಷ್ಮೀಪುರಂನಲ್ಲಿ. ತಂದೆ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಆಚಾರದ ಮನೆ. ಮಧ್ಯಾಹ್ನ ಅಕ್ಕನ ಡಬ್ಬಿಯಲ್ಲಿ ಯಾವಾಗಲೂ ಮೊಸರನ್ನ, ನನ್ನ ಬುತ್ತಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಒಂದು ದಿನ ಅವರಾಗಿಯೇ ಕೈಚಾಚಿ ಒಂದು ಚೂರು ರೊಟ್ಟಿ ಮುರಿದುಕೊಂಡು ತಿಂದರು. ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು. "ನಮ್ಮಮ್ಮನಿಗೆ ಗೊತ್ತಾದ್ರೆ ತಲೆ ಮೇಲೆ ನೀರು ಸುರಿದು ಒಳಗೆ ಕರ್ಕೋತಾರೆ" ಎಂದು ನಕ್ಕರು. ಸುತ್ತ ಇದ್ದವರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮುಖ ನೋಡಿ ಅವರು ನಗುವುದನ್ನು ನಿಲ್ಲಿಸಿದರು.

"ಇದು ನಗೋ ಮಾತಲ್ಲ, ಅಲ್ವಾ" ಎಂದರು. ಮತ್ತೆಂದೂ ಆ ಮಾತು ಅವರ ಬಾಯಲ್ಲಿ ಬರಲಿಲ್ಲ. ರೊಟ್ಟಿಯನ್ನಂತೂ ದಿನಾ ತಿಂದರು.

ಕಾಲೇಜಿನಲ್ಲಿ ಅವರನ್ನು ಬಹಳ ಕಾಡುತ್ತಿದ್ದ ಒಂದು ವಿಷಯ ಲೈಬ್ರರಿಯದು. ಓದುವ ಹಾಲಿನಲ್ಲಿ ಹುಡುಗಿಯರು ಕೂರುವಂತಿರಲಿಲ್ಲ. ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಜವಾನನ ಕೈಗೆ ಕೊಟ್ಟರೆ ಅವನು ತಂದುಕೊಡುತ್ತಿದ್ದ. ಆದರೆ ಚರಿತ್ರೆಯ ದಪ್ಪ ಸಂಪುಟಗಳನ್ನು, ನಿಘಂಟುಗಳನ್ನು ಹಾಲಿನಿಂದ ಆಚೆ ಬಿಡುತ್ತಿರಲಿಲ್ಲ. ಅವನ್ನು ಅಲ್ಲೇ ಕೂತು ಓದಬೇಕು. ನಮಗೆ ಅಲ್ಲಿ ಕೂರುವ ಜಾಗವಿಲ್ಲ. ಹೀಗಾಗಿ ಪರೀಕ್ಷೆಗೆ ಬೇಕಾದ ಅರ್ಧ ಓದನ್ನು ನಾವು ಹುಡುಗರ ನೋಟ್ಸಿನಿಂದಲೇ ಕಾಪಿ ಮಾಡಿಕೊಳ್ಳಬೇಕಾಗಿತ್ತು. ಆ ರೂಲು ಎಲ್ಲಿದೆ ತೋರಿಸಿ ಎಂದು ಅಕ್ಕ ಹಿಂದಿನ ವರ್ಷವೇ ಲೈಬ್ರರಿಯವರನ್ನು ಕೇಳಿದ್ದರಂತೆ. ರೂಲು ಅಂತ ಏನೂ ಇಲ್ಲ, ಮೊದಲಿಂದ ನಡೆದುಕೊಂಡು ಬಂದಿದೆ ಎಂದರಂತೆ ಅವರು.

"ಬರೆದಿರೋ ರೂಲಾದ್ರೆ ಹೊಡೆದುಹಾಕಿ ಅಂತ ಅರ್ಜಿ ಕೊಡಬಹುದು. ಬರೆದೇ ಇಲ್ಲ ಅಂದ್ರೆ ಏನಂತ ಅರ್ಜಿ ಕೊಡೋದು?" ಎಂದು ಅಕ್ಕ ನಮ್ಮನ್ನು ಕೇಳುತ್ತಿದ್ದರು.

ಉತ್ತರವನ್ನು ಅವರೇ ಹುಡುಕಿಕೊಂಡರು. ಜುಲೈನಲ್ಲಿ ಕಾಲೇಜು ಯೂನಿಯನ್ನಿನ ಚುನಾವಣೆಯ ನೋಟೀಸು ಬಂತು. ಹುಡುಗಿಯರಿಗೆಂದು ಪ್ರತಿನಿಧಿಯ ಒಂದು ಸ್ಥಾನವಿತ್ತು. ಅದಕ್ಕೆ ಪ್ರತಿವರ್ಷ ಯಾರಾದರೂ ಒಬ್ಬರು ಅವಿರೋಧವಾಗಿ ಆಯ್ಕೆಯಾಗಿ, ವರ್ಷದ ಕೊನೆಯ ಸಮಾರಂಭದಲ್ಲಿ ಅತಿಥಿಗಳಿಗೆ ಹಾರ ಹಾಕುತ್ತಿದ್ದರು. ಅಕ್ಕ ಅದನ್ನು ಬಿಟ್ಟು ಸೆಕ್ರೆಟರಿ ಸ್ಥಾನಕ್ಕೆ ನಿಲ್ಲುತ್ತೇನೆಂದರು. ಅಲ್ಲಿಯವರೆಗೆ ಆ ಕಾಲೇಜಿನಲ್ಲಿ ಯಾವ ಹುಡುಗಿಯೂ ಅದಕ್ಕೆ ನಿಂತಿರಲಿಲ್ಲ. ಸೆಕ್ರೆಟರಿಯಾದವರು ಕಮಿಟಿಯ ಮುಂದೆ ಗೊತ್ತುವಳಿ ತರಬಹುದು, ಕಮಿಟಿ ಒಪ್ಪಿದ್ದನ್ನು ಪ್ರಿನ್ಸಿಪಾಲರು ತಳ್ಳಿಹಾಕುವುದು ಕಷ್ಟ. ಲೈಬ್ರರಿಯಲ್ಲಿ ಹುಡುಗಿಯರಿಗೆ ಒಂದು ಮೇಜು. ಅವರು ಚುನಾವಣೆಗೆ ನಿಂತಿದ್ದು ಅಷ್ಟಕ್ಕೇ.

ನಾಮಪತ್ರಕ್ಕೆ ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಸೂಚಿಸಲು ಅವರ ತರಗತಿಯ ಒಬ್ಬರು ಒಪ್ಪಿದರು. ಮಿಕ್ಕವರೆಲ್ಲ ಹಿಂದೆ ಸರಿದರು. ಅವರಲ್ಲಿ ಹೆಚ್ಚಿನವರ ಮನೆಗಳು ಅಕ್ಕನ ಮನೆಯ ಸುತ್ತಮುತ್ತಲೇ ಇದ್ದವು, ಸುದ್ದಿ ಸಂಜೆಯೊಳಗೆ ಅಮ್ಮಂದಿರಿಗೆ ತಲುಪುತ್ತಿತ್ತು. ಅಕ್ಕ ನನ್ನ ಕಡೆ ತಿರುಗಿದರು. ಮೊದಲ ವರ್ಷದವರ ಓಟು ಜಾಸ್ತಿ ಇದೆ, ಅಲ್ಲಿಂದ ಒಬ್ಬರು ಇದ್ದರೆ ಒಳ್ಳೆಯದು, ಆದರೆ ಮನೆಯಲ್ಲಿ ಕೇಳಿಕೊಂಡು ಬಾ ಎಂದರು. ನಾನು ಕೇಳಲಿಲ್ಲ. ಕೇಳಿದ್ದೇನೆಂದು ಸುಳ್ಳು ಹೇಳಿ ಮಾರನೆಯ ದಿನ ರುಜು ಹಾಕಿದೆ. ಅದುವರೆಗೆ ನನ್ನ ರುಜು ಯಾರಿಗೂ ಬೇಕಾಗಿರಲಿಲ್ಲ. ಆ ಹೆಮ್ಮೆಯಲ್ಲಿ ಮಿಕ್ಕ ಯಾವುದೂ ತಲೆಗೆ ಹೋಗಲಿಲ್ಲ.

ನಿಂತವರು ಪ್ರತಿ ಕ್ಲಾಸಿನಲ್ಲೂ ಐದು ನಿಮಿಷ ಮಾತನಾಡಬಹುದಾಗಿತ್ತು. ಉಳಿದವರೆಲ್ಲ ಇಂಗ್ಲಿಷಿನಲ್ಲಿ ಮಾತನಾಡಿದರು, ಅಕ್ಕ ಕನ್ನಡದಲ್ಲಿ. ನಿಮ್ಮ ತಂಗಿ ನಾಳೆ ಇದೇ ಕಾಲೇಜಿಗೆ ಬಂದರೆ ಎಲ್ಲಿ ಕೂತು ಓದಬೇಕು ಎಂದು ಹುಡುಗರನ್ನು ಕೇಳಿದರು. ಹಿಂದಿನ ಬೆಂಚಿನಿಂದ ಒಂದು ಕಾಗದದ ಬಾಣ ಹಾರಿಬಂದು ಅವರ ಭುಜಕ್ಕೆ ಬಡಿದು ಬಿತ್ತು. ಅಕ್ಕ ಬಗ್ಗಿ ಅದನ್ನು ಎತ್ತಿಕೊಂಡರು. ನಿಧಾನವಾಗಿ ಬಿಡಿಸಿ ಎರಡೂ ಕಡೆ ನೋಡಿದರು.

"ಇದರಲ್ಲಿ ಏನೂ ಬರೆದಿಲ್ಲ. ಹೇಳೋದು ಇದ್ರೆ ಎದ್ದು ನಿಂತು ಹೇಳಿ, ಕೇಳ್ತೀನಿ" ಎಂದರು.

ಯಾರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಮಾತ್ರ ಕ್ಲಾಸು ಮುಗಿದ ಮೇಲೆ ಬಂದು, ತಾನು ಹಾಸ್ಟೆಲಿನವರ ಹತ್ತಿರ ಅವರ ಪರವಾಗಿ ಮಾತನಾಡುತ್ತೇನೆಂದ. ಹಾಸನದ ಕಡೆಯ ಬಡವರ ಹುಡುಗ, ತಲೆ ತಗ್ಗಿಸಿಕೊಂಡೇ ಮಾತನಾಡುವವನು. ಅವನಿಗೂ ಅಕ್ಕನಿಗೂ ಇದ್ದ ಪರಿಚಯ ಅಷ್ಟೇ. ನಾನು ಪಕ್ಕದಲ್ಲೇ ಇದ್ದವಳು, ಬಲ್ಲೆ.

ಒಂದು ಸೋಮವಾರ ಬೆಳಿಗ್ಗೆ ರಸ್ತೆಗೆ ಮುಖವಾಗಿದ್ದ ಕಾಂಪೌಂಡ್ ಗೋಡೆಯ ಮೇಲೆ ಡಾಂಬರಿನಲ್ಲಿ ದೊಡ್ಡದಾಗಿ ಬರೆದಿತ್ತು. ಅಕ್ಕನ ಹೆಸರು, ಅದರ ಜೊತೆಗೆ ಆ ಹುಡುಗನ ಹೆಸರು, ಮುಂದೆ ಒಂದು ಕೊಳಕು ಮಾತು. ಕೆಳಗೆ ನನ್ನ ಹೆಸರು, ನಮ್ಮ ಊರಿನ ಹೆಸರು, ನಾನು ಈ ವ್ಯವಹಾರದಲ್ಲಿ ನಡುವೆ ಓಡಾಡುವವಳು ಎಂಬ ಅರ್ಥದ ಇನ್ನೊಂದು ಮಾತು. ಅಣ್ಣನ ಮಂಡಿಗೆ ಮೂಟೆ ತರುವ ಗಾಡಿಯವನು ಅದನ್ನು ನೋಡಿಕೊಂಡು ಹೋಗಿ ಅವನಿಗೆ ಹೇಳಿದ್ದ.

ಅಂದು ಸಂಜೆ ಅಣ್ಣ ಬೇಗ ಮನೆಗೆ ಬಂದ. ಜಗಲಿಯ ಮೇಲೆ ಕೂತು ನನ್ನನ್ನು ಕರೆದ. ಕೂಗಾಡಲಿಲ್ಲ. ಏನಿದೆಲ್ಲ ಎಂದು ಕೇಳಿದ, ನಾನು ನಾಮಪತ್ರಕ್ಕೆ ರುಜು ಹಾಕಿದ್ದನ್ನು ಹೇಳಿದೆ.

"ನಾನು ಒಡೆಯಾಕಿಲ್ಲ, ಬೈಯಾಕಿಲ್ಲ. ನೀನು ಓದ್ಬೇಕು ಅಂತ ಅಪ್ಪನ ಕೈಲಿ ಬೈಸ್ಕೊಂಡೋನು ನಾನು. ಆ ಕಾಗದದ ಮ್ಯಾಲೆ ನಿನ್ನ ಎಸರು ಇರಬಾರದು. ಇರತದೆ ಅಂದ್ರೆ ನಾಳೆಯಿಂದ ಕಾಲೇಜು ಬುಟ್ಬುಡು."

ನಾನು ಅತ್ತೆ, ಬೇಡಿಕೊಂಡೆ. ಬೆಳಗಾಗುವುದರೊಳಗೆ ನಾನು ತೀರ್ಮಾನ ಮಾಡಿದ್ದೆ. ನನಗೆ ಓದು ಬೇಕಾಗಿತ್ತು.

ಮಾರನೆಯ ದಿನ ಕಾಲೇಜಿನ ಹತ್ತಿರ ಬಂದಾಗ ಗೋಡೆಯ ಮೇಲೆ ನನ್ನ ಹೆಸರಿರಲಿಲ್ಲ. ಅಷ್ಟು ಜಾಗಕ್ಕೆ ಸುಣ್ಣ ಬಳಿದಿತ್ತು. ಅಕ್ಕನ ಹೆಸರು ಹಾಗೇ ಇತ್ತು. ಹಿಂದಿನ ಸಂಜೆ ಅಕ್ಕ ಜವಾನನ ಹತ್ತಿರ ಇದ್ದ ಒಂದು ಡಬ್ಬ ಸುಣ್ಣವನ್ನು ಈಸಿಕೊಂಡು, ಮೊದಲು ನನ್ನ ಹೆಸರಿನ ಮೇಲೆ ಬಳಿದಿದ್ದರು. ಡಾಂಬರು ಮುಚ್ಚಲು ನಾಲ್ಕೈದು ಸಲ ಬಳಿಯಬೇಕಾಗಿತ್ತು, ಅಷ್ಟರಲ್ಲಿ ಡಬ್ಬ ಬರಿದಾಗಿತ್ತು. ಇದನ್ನು ಜವಾನ ನನಗೆ ಹೇಳಿದ, ಅವರು ಹೇಳಲಿಲ್ಲ.

ಅಂಥವರ ಮುಂದೆ ಹೋಗಿ ನಿಂತು ನಾನು ಹೇಳಬೇಕಾದದ್ದನ್ನು ಹೇಳಿದೆ. ಮನೆಯಲ್ಲಿ ಕೇಳಿದ್ದೇನೆಂದದ್ದು ಸುಳ್ಳು ಎಂಬುದನ್ನೂ ಹೇಳಿದೆ. ಅಕ್ಕ ಹುಬ್ಬಿನ ಮೇಲಿನ ಕಲೆಯನ್ನು ಸವರಿಕೊಂಡರು. ಆಮೇಲೆ, "ಕಾಲೇಜು ಬಿಡಬೇಡ. ಬಾ, ಹೋಗಿ ಹೆಸರು ತೆಗೆಸೋಣ" ಎಂದು ಎದ್ದರು.

ಚುನಾವಣೆ ನೋಡಿಕೊಳ್ಳುತ್ತಿದ್ದ ಪ್ರೊಫೆಸರ ಕೋಣೆಗೆ ಅವರೇ ನನ್ನನ್ನು ಕರೆದುಕೊಂಡು ಹೋದರು. ಅನುಮೋದಿಸಿದವರು ಹಿಂದೆ ಸರಿದರೆ ನಾಮಪತ್ರ ಬಿದ್ದುಹೋಗುತ್ತದೆ, ನಾಲ್ಕು ಗಂಟೆಯೊಳಗೆ ಇನ್ನೊಬ್ಬರ ರುಜು ತಂದರೆ ಮಾತ್ರ ಉಳಿಯುತ್ತದೆ ಎಂದರು ಪ್ರೊಫೆಸರು. ನನ್ನ ಕಡೆ ನೋಡಿ, ಇಷ್ಟು ಹೆದರಿಕೆ ಇದ್ದವಳು ಯಾಕೆ ರುಜು ಹಾಕಬೇಕಿತ್ತು ಎಂದು ಗದರಿಸಿದರು.

"ಅವಳ ತಪ್ಪಿಲ್ಲ ಸಾರ್. ಹೊಸದಾಗಿ ಬಂದಿರೋ ಹುಡುಗಿ ಕೈಲಿ ರುಜು ಹಾಕಿಸಿದ್ದು ನನ್ನ ತಪ್ಪು" ಎಂದರು ಅಕ್ಕ.

ಆ ದಿನ ಮಧ್ಯಾಹ್ನವೆಲ್ಲ ಅವರು ಕಾಲೇಜು ಸುತ್ತಿದರು. ಗೋಡೆಯನ್ನು ನೋಡಿದ ಮೇಲೆ ಯಾವ ಹುಡುಗಿ ತಾನೇ ರುಜು ಹಾಕಿಯಾಳು? ಓಟು ಕೊಡುತ್ತೇವೆಂದಿದ್ದ ಹುಡುಗರೂ ನಾಮಪತ್ರದ ಮೇಲೆ ಹೆಸರು ಬೇಡವೆಂದರು. ಮೂರೂಮುಕ್ಕಾಲಿಗೆ ಅಕ್ಕ ಲೇಡೀಸ್ ರೂಮಿಗೆ ಬಂದು ಕೂತು ನೀರು ಕೇಳಿದರು. ಆ ಹಾಸ್ಟೆಲ್ ಹುಡುಗ ಒಬ್ಬನೇ ಒಪ್ಪಿದ್ದಾನೆ ಎಂದರು.

"ಅವರ ಹೆಸರು ಗೋಡೆ ಮೇಲಿದೆಯಲ್ಲಕ್ಕ" ಎಂದೆ.

"ಗೊತ್ತು. ಬೇರೆ ಯಾರೂ ಇಲ್ವಲ್ಲ."

ಕೇಳಿದ ನೀರನ್ನು ಕುಡಿಯದೆ ಲೋಟ ಪಕ್ಕಕ್ಕಿಟ್ಟು, ಜಡೆಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬಿಡಿಸಿ, ಮತ್ತೆ ಸಿಕ್ಕಿಸಿಕೊಂಡರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಗಲೂ ನಾನು, ಹೋಗಲಿ, ನನ್ನ ಹೆಸರೇ ಇರಲಿ ಎನ್ನಬಹುದಾಗಿತ್ತು. ನಾಲಿಗೆಯ ತುದಿಯವರೆಗೆ ಬಂತು. ಅನ್ನಲಿಲ್ಲ. ಅವರು ಎದ್ದು ಹೋದರು.

ನೋಟೀಸ್ ಬೋರ್ಡಿನ ಗಾಜಿನ ಹಿಂದೆ ಅಂತಿಮ ಪಟ್ಟಿ ಬಂತು. ಅಕ್ಕನ ಹೆಸರು, ಪಕ್ಕದಲ್ಲಿ ಅನುಮೋದಕರ ಜಾಗದಲ್ಲಿ ಆ ಹುಡುಗನ ಹೆಸರು. ಗೋಡೆಯ ಮೇಲಿದ್ದ ಎರಡು ಹೆಸರುಗಳು ಈಗ ಕಾಲೇಜಿನ ಮೊಹರಿನೊಂದಿಗೆ ಬೋರ್ಡಿನ ಮೇಲೂ ಜೊತೆಯಾಗಿ ಬಂದವು.

ಅಕ್ಕ ಗೆದ್ದರು. ಹೆಚ್ಚು ಅಂತರವೇನೂ ಇರಲಿಲ್ಲ, ಆದರೂ ಗೆದ್ದರು. ಹಾಸ್ಟೆಲಿನವರೂ ಮೊದಲ ವರ್ಷದವರೂ ಕೈಬಿಡಲಿಲ್ಲ. ಕಮಿಟಿಯ ಮೊದಲ ಸಭೆಯಲ್ಲೇ ಮೇಜಿನ ಗೊತ್ತುವಳಿ ತಂದು ಒಪ್ಪಿಸಿದರು. ಒಂದು ವಾರದೊಳಗೆ ಓದುವ ಹಾಲಿನ ಕಿಟಕಿಯ ಪಕ್ಕ ಆರು ಕುರ್ಚಿಗಳ ಒಂದು ಮೇಜು ಬಂತು. ನಾವು ಆರು ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೋಗಿ ಕೂತೆವು. ಅಂದು ಅಕ್ಕ ಕಾಲೇಜಿಗೆ ಬಂದಿರಲಿಲ್ಲ.

ಅವರಿಗೆ ಊರಿನಲ್ಲೇ ಒಂದು ಸಂಬಂಧ ಗೊತ್ತಾಗಿತ್ತು, ಪರೀಕ್ಷೆ ಮುಗಿದ ಮೇಲೆ ಮದುವೆ ಎಂದು ಮಾತಾಗಿತ್ತು. ಆ ಮನೆಯವರ ಕಿವಿಗೆ ಗೋಡೆಯ ಸುದ್ದಿ ಬಿತ್ತು. ಪೋಲಿಗಳ ಕೆಲಸವಿರಬಹುದು ಎಂದುಕೊಂಡು ವಿಚಾರಿಸಲು ಒಬ್ಬರನ್ನು ಕಳಿಸಿದರು. ಬಂದವರು ನೋಟೀಸ್ ಬೋರ್ಡು ನೋಡಿಕೊಂಡು ಹೋದರು. ಸಂಬಂಧ ಅಲ್ಲಿಗೆ ಮುರಿಯಿತು.

ಮೇಜು ಬಂದ ನಾಲ್ಕನೆಯ ದಿನ ಅಕ್ಕನ ತಂದೆ ಕಾಲೇಜಿಗೆ ಬಂದರು. ಕರಿಯ ಕೋಟು, ಜರಿಪೇಟ, ಕೈಯಲ್ಲಿ ಕೊಡೆ. ಲೇಡೀಸ್ ರೂಮಿನ ಕಿಟಕಿಯಿಂದ ಆಫೀಸು ಕಾಣುತ್ತಿತ್ತು. ಅವರು ಕೌಂಟರಿನ ಮುಂದೆ ಬಗ್ಗಿ ರುಜು ಹಾಕಿ, ಟಿ.ಸಿ.ಯನ್ನು ನಾಲ್ಕಾಗಿ ಮಡಿಸಿ ಕೋಟಿನ ಒಳಜೇಬಿಗೆ ಇಟ್ಟುಕೊಂಡರು. ಯಾರ ಕಡೆಗೂ ನೋಡದೆ ಹೊರಟುಹೋದರು. ಅಕ್ಕ ಸೆಕ್ರೆಟರಿಯಾಗಿದ್ದದ್ದು ಎರಡು ವಾರವೂ ಅಲ್ಲ. ಆ ಹುಡುಗ ಬಿ.ಎ. ಮುಗಿಸಿ ಕೆಲಸ ಸಿಕ್ಕಿ ಉತ್ತರದ ಕಡೆ ಹೋದನೆಂದು ಕೇಳಿದೆ.

ನಾನು ಮೂರು ವರ್ಷ ಆ ಮೇಜಿನ ಮುಂದೆ ಕೂತು ಓದಿದೆ. ಮೊದಲ ದರ್ಜೆ ಬಂತು. ಎಂ.ಎ. ಮಾಡಿದೆ. ಅದೇ ಕಾಲೇಜಿನಲ್ಲಿ ಚರಿತ್ರೆಯ ಅಧ್ಯಾಪಕಿಯಾದೆ.

ಆ ವರ್ಷಗಳಲ್ಲಿ ಅಕ್ಕನನ್ನು ನೋಡಲು ಒಂದು ಸಲವೂ ಹೋಗಲಿಲ್ಲ. ಮೊದಮೊದಲು ಅಣ್ಣನ ಹೆದರಿಕೆ ಎಂದುಕೊಳ್ಳುತ್ತಿದ್ದೆ. ಆಮೇಲೆ, ಅವರ ಮನೆಯವರು ಒಳಗೆ ಬಿಡುವುದಿಲ್ಲ ಎಂದುಕೊಂಡೆ. ಎರಡು ಸಲ ಲಕ್ಷ್ಮೀಪುರಂವರೆಗೆ ಹೋಗಿ, ಅವರ ಮನೆಯ ಗೇಟು ಕಾಣುವವರೆಗೂ ನಡೆದು ವಾಪಸು ಬಂದಿದ್ದೇನೆ. ಎರಡನೆಯ ಸಲ ಅಂಗಳದಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಅವರೇ ಇರಬಹುದು ಅನ್ನಿಸಿ ಇನ್ನೂ ಬೇಗ ಬೇಗ ಹೆಜ್ಜೆ ಹಾಕಿದೆ.

ಅಕ್ಕ ಕಾಲೇಜು ಬಿಟ್ಟು ಎಂಟೊಂಬತ್ತು ವರ್ಷ ಕಳೆಯಿತು. ಅಣ್ಣನ ಮಗಳನ್ನು ಶಾಲೆಗೆ ಸೇರಿಸಬೇಕಾಗಿತ್ತು. ಒಳ್ಳೆಯ ಕಡೆ ಸೇರಿಸು, ಇವಳೂ ನಿನ್ನಂಗೇ ಓದಬೇಕು ಎಂದು ಅಣ್ಣ ನನಗೇ ಆ ಕೆಲಸ ಒಪ್ಪಿಸಿದ. ಊರಿನ ಒಂದು ಸಣ್ಣ ಪ್ರೈಮರಿ ಶಾಲೆಗೆ ಕರೆದುಕೊಂಡು ಹೋದೆ. ಒಂದನೆಯ ತರಗತಿಯ ಬಾಗಿಲಲ್ಲಿ ನಿಂತಾಗ, ಒಳಗೆ ಚಾಪೆಯ ಮೇಲೆ ಮಕ್ಕಳ ನಡುವೆ ಅಕ್ಕ ಕೂತಿದ್ದರು.

ಅವರು ಮಕ್ಕಳಿಂದ ಚುನಾವಣೆ ಮಾಡಿಸುತ್ತಿದ್ದರು. ನೀರಿನ ಮಡಕೆ ತುಂಬಿಸುವ ಮಂತ್ರಿ ಯಾರು, ಸೀಮೆಸುಣ್ಣದ ಮಂತ್ರಿ ಯಾರು ಎಂದು. ಮಕ್ಕಳು ಸರದಿಯ ಮೇಲೆ ಬಂದು, ತಮಗೆ ಬೇಕಾದವರ ಮುಂದೆ ಒಂದೊಂದು ಹುಣಸೆಬೀಜ ಇಡುತ್ತಿದ್ದರು. ಶಾಲೆ ತೆರೆದ ಮೊದಲ ವಾರ ಅದೇ ಅವರ ಪಾಠವಂತೆ. ನನ್ನನ್ನು ನೋಡಿದರು. ಕ್ಷಣ ಮಾತ್ರ ಗುರುತು ಸಿಗಲಿಲ್ಲ. ಸಿಕ್ಕಮೇಲೆ ಅಣ್ಣನ ಮಗಳ ಕೈಹಿಡಿದು ಒಳಗೆ ಕರೆದು ಕೂರಿಸಿ, ಅವಳ ಅಂಗೈಗೂ ಒಂದು ಬೀಜ ಕೊಟ್ಟರು.

ಬಿಡುವಿನ ಗಂಟೆಯಲ್ಲಿ ಶಾಲೆಯ ಹಿಂದಿನ ಕಟ್ಟೆಯ ಮೇಲೆ ಕೂತೆವು. ಮದುವೆಯಾಗಲಿಲ್ಲ, ಬಂದ ಒಂದೆರಡು ಸಂಬಂಧಗಳಿಗೂ ಯಾರೋ ಹಳೆಯ ಸುದ್ದಿ ಮುಟ್ಟಿಸಿದರು ಎಂದರು. ಅಮ್ಮ ಹೋಗಿ ಎರಡು ವರ್ಷವಾಯಿತು, ಅಪ್ಪ ಇದ್ದಾರೆ ಎಂದರು. ಬಿ.ಎ.ಯನ್ನು ಹೊರಗಿನಿಂದ ಕಟ್ಟಬೇಕೆಂದುಕೊಂಡಿದ್ದರಂತೆ, ಆಗಲಿಲ್ಲವಂತೆ. ಇದನ್ನೆಲ್ಲ ಬೇರೆಯವರ ವಿಷಯ ಹೇಳುವಂತೆ ಹೇಳಿದರು. ನಾನು ತಡೆಯಲಾರದೆ, ನನ್ನಿಂದಲೇ ಹೀಗಾಯಿತು ಅಕ್ಕ, ಆ ದಿನ ನಾನು ರುಜು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಎಂದು ಏನೇನೋ ಶುರುಮಾಡಿದೆ. ಅವರು ಪೂರ್ತಿ ಕೇಳಿದರು.

"ನಿನ್ನ ಮೇಲೆ ನನಗೆ ಸಿಟ್ಟಿತ್ತು, ಇಲ್ಲ ಅನ್ನಲ್ಲ. ರುಜು ವಾಪಸ್ ತಗೊಂಡಿದ್ದಕ್ಕಲ್ಲ ಕಣೆ. ಅದು ನಾನೇ ಹೇಳಿದ್ದು. ಆಮೇಲೆ ಒಂದು ಸಲನಾದ್ರೂ ಮನೆಗೆ ಬರಲಿಲ್ವಲ್ಲ, ಅದಕ್ಕೆ. ಬರ್ತೀಯೇನೋ ಅಂತ ಆ ವರ್ಷವೆಲ್ಲ ಕಾದೆ."

ನಾನು ಅಳಲು ಶುರುಮಾಡಿದೆ. ಅವರು ಸಮಾಧಾನ ಮಾಡಲಿಲ್ಲ. ಗಂಟೆ ಹೊಡೆಯಿತು, ಎದ್ದರು. ಎರಡು ಹೆಜ್ಜೆ ಹೋಗಿ ತಿರುಗಿ, "ಭಾನುವಾರ ಬಾ" ಎಂದರು.

ಹೋದೆ. ಅಂದಿನಿಂದ ಸುಮಾರು ಎರಡು ವರ್ಷ ಒಂದು ಭಾನುವಾರವೂ ತಪ್ಪಿಸಲಿಲ್ಲ. ಅವರಿಗೆ ನನ್ನ ಕಾಲೇಜಿನ ಸಣ್ಣ ಸಣ್ಣ ಸುದ್ದಿಯೂ ಬೇಕಾಗಿತ್ತು. ಹುಡುಗಿಯರು ಈಗ ಎಷ್ಟಿದ್ದಾರೆ, ಮೇಷ್ಟ್ರ ಹಿಂದೆ ಈಗಲೂ ಸಾಲಾಗಿ ಹೋಗುತ್ತಾರಾ, ಹೊಸ ಪುಸ್ತಕ ಯಾವುದು ಬಂತು. ಲೈಬ್ರರಿಗೆ ಒಂದು ದಿನ ನನ್ನ ಜೊತೆ ಬನ್ನಿ ಎಂದು ಕರೆದೆ. ಬೇಡ ಕಣೆ, ಗೇಟಿನ ಹತ್ತಿರವೇ ನನಗೆ ಕಾಲು ಮುಂದಕ್ಕೆ ಬರಲ್ಲ ಎಂದರು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಅವರ ಕಾಲು ಊದಿಕೊಳ್ಳತೊಡಗಿತು. ಆಮೇಲೆ ಮುಖ. ಮೂತ್ರಪಿಂಡದ ಕಾಯಿಲೆ, ಆಗಿನ ಕಾಲಕ್ಕೆ ಅದಕ್ಕೆ ಮದ್ದಿರಲಿಲ್ಲ. ಜೂನ್ ಹೊತ್ತಿಗೆ ಆಸ್ಪತ್ರೆಯ ಹೆಂಗಸರ ವಾರ್ಡು ಸೇರಿದರು. ನಾನು ಕಾಲೇಜು ಮುಗಿಸಿಕೊಂಡು ದಿನಾ ಸಂಜೆ ಹೋಗುತ್ತಿದ್ದೆ. ಒಂದು ಸಂಜೆ, ಯೂನಿಯನ್ ಚುನಾವಣೆಯ ನೋಟೀಸು ಬಂತಾ ಎಂದು ಕೇಳಿದರು. ಬಂತು ಎಂದೆ. ಹುಡುಗಿಯರು ಯಾರು ನಿಂತಿದ್ದಾರೆ ಎಂದರು. ಯಾರೂ ಇಲ್ಲ ಎಂದೆ.

"ನೀನು ಯಾರನ್ನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಐದು ವರ್ಷದಿಂದ ಅಲ್ಲಿ ಪಾಠ ಹೇಳುತ್ತಿದ್ದರೂ ಒಬ್ಬ ಹುಡುಗಿಯನ್ನೂ ನಿಲ್ಲು ಎಂದು ನಾನು ಕೇಳಿರಲಿಲ್ಲ. ಅಕ್ಕ ಗೋಡೆಯ ಕಡೆ ಹೊರಳಿದರು.

ಮಾರನೆಯ ದಿನ ಎರಡನೆಯ ವರ್ಷದ ಒಬ್ಬ ಹುಡುಗಿಯನ್ನು ಕರೆದು ಕೇಳಿದೆ. ಚುರುಕಿನ ಹುಡುಗಿ, ತಂದೆ ಟಾಂಗಾ ಹೊಡೆಯುವವರು. ಯೋಚನೆ ಮಾಡಬೇಕು ಮೇಡಂ ಎಂದವಳು ಎರಡು ದಿನ ಬಿಟ್ಟು ಒಪ್ಪಿಕೊಂಡಳು. ನಾನು ಅವಳ ತಂದೆಯ ಹತ್ತಿರ ಹೋಗಿ ಮಾತನಾಡಿದೆ. ಅಂದು ಸಂಜೆ ಆಸ್ಪತ್ರೆಗೆ ಓಡಿದಂತೆಯೇ ಹೋದೆ. ಅಕ್ಕನಿಗೆ ಕಣ್ಣು ಬಿಡುವುದೇ ಕಷ್ಟವಾಗಿತ್ತು. ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಂದು ಕೇಳಿದರು. ಅನುಮೋದಿಸಿದವಳು ಮೊದಲ ವರ್ಷದ ಹುಡುಗಿ ಎಂದೆ.

"ಅವಳನ್ನ ನೋಡ್ಕೊ. ನಿಂತಿರೋಳಿಗೆ ಹೇಗೂ ಧೈರ್ಯ ಇರುತ್ತೆ. ಆ ಚಿಕ್ಕವಳ ಮನೆಗೆ ನೀನೇ ಹೋಗಿ ಬಾ" ಎಂದರು.

ನನ್ನ ಹತ್ತಿರ ಅವರು ಆಡಿದ ಕೊನೆಯ ಮಾತು ಅದು. ಮೂರನೆಯ ದಿನ ಬೆಳಿಗ್ಗೆ ತೀರಿಕೊಂಡರು. ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ಆ ಹುಡುಗಿ ಆ ವರ್ಷ ಗೆಲ್ಲಲಿಲ್ಲ. ಆದರೆ ಅವಳೂ, ಅವಳಿಗೆ ರುಜು ಹಾಕಿದವಳೂ ಓದು ಮುಗಿಸಿದರು. ಅಕ್ಕ ಹೇಳಿದಂತೆ ನಾನು ಇಬ್ಬರ ಮನೆಗೂ ಹೋಗಿದ್ದೆ. ಆಮೇಲಿನ ವರ್ಷಗಳಲ್ಲೂ, ನಿವೃತ್ತಿಯಾಗುವವರೆಗೆ, ಹಾಗೆ ಹೋಗುವುದನ್ನು ಬಿಡಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಲಕ್ಷ್ಮೀಪುರಂಗೆ ಹೋದೆ. ಅಕ್ಕನ ತಂದೆ ಒಬ್ಬರೇ ಹಜಾರದ ಬೆಂಚಿನ ಮೇಲೆ ಕೂತಿದ್ದರು. ಭಾನುವಾರಗಳಲ್ಲಿ ನಾನು ಬಂದಾಗಲೆಲ್ಲ ಅವರು ಒಳಕೋಣೆಗೆ ಹೋಗಿಬಿಡುತ್ತಿದ್ದರು, ನನ್ನೊಂದಿಗೆ ಮಾತನಾಡುತ್ತಿರಲಿಲ್ಲ. ಅಂದು ಅವರೇ ಕೂರಲು ಹೇಳಿದರು. ನೀವು ಅವಳ ಜೊತೆ ಶಾಲೆಯಲ್ಲಿ ಕೆಲಸ ಮಾಡ್ತಿದ್ದೋರಾ ಎಂದು ಕೇಳಿದರು. ಇಲ್ಲವೆಂದು, ನಾನು ಯಾರು, ಏನು ಮಾಡಿದೆ ಎಂಬುದನ್ನೆಲ್ಲ ಹೇಳಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ.

ಅವರು ಬೆಂಚಿನ ಮೇಲೆ ನನ್ನ ಕಡೆ ತಿರುಗಿ ಕೂತರು. ಆಮೇಲೆ ಕೇಳಿದರು:

"ನಿಮಗೆ ಏನಾದ್ರೂ ಅಂದ್ಲಾ ಅವಳು, ಅದರ ಬಗ್ಗೆ?"

"ಅಂದರು. ಒಂದು ಸಲ. ನನ್ನ ಮೇಲೆ ಸಿಟ್ಟಿತ್ತು ಅಂದರು."

"ಕಾಲೇಜು ಬಿಡಿಸಿದೋನು ನಾನು. ಹತ್ತು ವರ್ಷ ಇದೇ ಮನೆಯಲ್ಲಿ ನನಗೆ ಅಡುಗೆ ಮಾಡಿ ಬಡಿಸಿದ್ಲು. ಒಂದು ದಿನ ಒಂದು ಮಾತು ಅನ್ನಲಿಲ್ಲ" ಎಂದರು. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಂಡರು. "ನೀವು ಪುಣ್ಯವಂತರಮ್ಮ."

ಅವರು ಇನ್ನೂ ನಾಲ್ಕು ವರ್ಷ ಬದುಕಿದ್ದರು. ಅಷ್ಟು ದಿನವೂ ಭಾನುವಾರಗಳಲ್ಲಿ ನಾನು ಹೋಗುತ್ತಿದ್ದೆ. ಹೆಚ್ಚು ಮಾತೇನೂ ಇರುತ್ತಿರಲಿಲ್ಲ. ಪೇಪರು ಓದಿ ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು.